ಮಹಾಹ್ರದದ ಮೇಲಿನ ಹೊಗೆ

ತರ್ಕಶಾಸ್ತ್ರವನ್ನು ಹೊಸದಾಗಿ ಓದತೊಡಗುವ ವಿದ್ಯಾರ್ಥಿಗೆ ಗುರುವು ಮೊದಲು ತೋರಿಸುವುದು ಒಂದು ಬೆಟ್ಟವನ್ನು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿರಬೇಕು. ಹೀಗೆ ಊಹಿಸಲು ಆಧಾರವೇನೆಂದರೆ ಅಡಿಗೆಮನೆ: ಅಲ್ಲಿ ಹೊಗೆಯೂ ಬೆಂಕಿಯೂ ಜೊತೆಯಾಗಿರುವುದನ್ನು ಎಲ್ಲರೂ ದಿನವೂ ಕಂಡಿರುತ್ತಾರೆ. ಇಷ್ಟಕ್ಕೆ ಮಾತು ಮುಗಿಯುವುದಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹವು ಮೂರನೆಯದಾಗಿ ಒಂದು ದೊಡ್ಡ ಮಡುವನ್ನು, ಮಹಾಹ್ರದವನ್ನು, ಹೆಸರಿಸುತ್ತದೆ. ಅಲ್ಲಿ ಬೆಂಕಿಯಿಲ್ಲವೆಂಬುದು ನಿಶ್ಚಯ. ಆದಕಾರಣ ಅಲ್ಲಿ ಹೊಗೆಯೂ ಇಲ್ಲ. ಬೆಟ್ಟವು ಪಕ್ಷ, ಅಡಿಗೆಮನೆಯು ಸಪಕ್ಷ, ಮಡುವು ವಿಪಕ್ಷ.

ಪಾಠಶಾಲೆಯಲ್ಲಿ ಬೆಟ್ಟಕ್ಕೂ ಅಡಿಗೆಮನೆಗೂ ಸಲ್ಲುವ ಗಮನವು ಮಡುವಿಗೆ ಸಲ್ಲುವುದಿಲ್ಲ. ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲವೆಂಬುದರಲ್ಲಿ ವಿಶೇಷವೇನು ಎಂದು ಶಿಷ್ಯನು ಅದನ್ನು ಬಾಯಿಪಾಠ ಮಾಡಿ ಮುಂದೆ ಸಾಗುತ್ತಾನೆ. ಆದರೆ ವಾದದ ಭಾರವೆಲ್ಲ ಬಿದ್ದಿರುವುದು ಆ ನೀರಿನ ಮೇಲೆಯೇ. ಹೊಗೆ ಎಲ್ಲೆಲ್ಲಿಯೂ ಇರುವ ಲೋಕದಲ್ಲಿ ಹೊಗೆಯಿಂದ ಏನನ್ನೂ ತಿಳಿಯಲಾಗುವುದಿಲ್ಲ. ಅದು ಇಲ್ಲದ ಒಂದು ಸ್ಥಳವು ನಿಶ್ಚಯವಾಗಿ ಗೊತ್ತಿದ್ದರೆ ಮಾತ್ರ ಅದು ಇರುವ ಸ್ಥಳದ ಮಾತಿಗೆ ಅರ್ಥ ಬರುವುದು.

ಭೂಮಂಡಲದ ಗಾಳಿಯನ್ನು ಪರೀಕ್ಷಿಸುವವರಿಗೂ ಇಂಥದೊಂದು ಮಡು ಬೇಕಾಗಿದೆ. ಊರುಗಳ ಗಾಳಿಯು ಎಷ್ಟು ಕೆಟ್ಟಿದೆಯೆಂದು ಹೇಳಬೇಕಾದರೆ ಕೆಡದ ಗಾಳಿಯು ಎಂಥದೆಂದು ತಿಳಿದಿರಬೇಕು. ಅಂಥ ಗಾಳಿ ಇನ್ನೂ ಅಷ್ಟಿಷ್ಟು ಉಳಿದಿರುವುದು ಭೂಮಿಯ ಎರಡು ತುದಿಗಳಲ್ಲಿ: ಉತ್ತರದಲ್ಲಿ ಹಿಮಗಡ್ಡೆಗಳು ತೇಲುವ ಆರ್ಕ್ಟಿಕ್ ಸಮುದ್ರದ ಮೇಲೆ, ದಕ್ಷಿಣದಲ್ಲಿ ಅಂಟಾರ್ಕ್ಟಿಕ ಖಂಡವನ್ನು ಸುತ್ತುವರಿದ ಮಹಾಸಾಗರದ ಮೇಲೆ. ಆ ನಡುನೀರಿನಲ್ಲಿ ಒಲೆಯಿಲ್ಲ, ಕಾರ್ಖಾನೆಯಿಲ್ಲ, ಬಂಡಿಯ ದಾರಿಯಿಲ್ಲ. ಆದರೆ ಹಡಗು ಉಂಟು. ಒಲೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಡುವಿನ ನಡುವಿಗೇ ಹೋಗಬಲ್ಲದ್ದು ಅದು. ಹಡಗಿನ ಹೊಗೆಯು ಆ ಗಾಳಿಯಲ್ಲಿ ತೇಲುವ ಕಣಗಳನ್ನು ಎಷ್ಟು ಹೆಚ್ಚಿಸುತ್ತದೆ, ಅವುಗಳ ಗುಣವನ್ನು ಹೇಗೆ ಮಾರ್ಪಡಿಸುತ್ತದೆ ಎಂದು ಅಳೆಯುವ ಕೆಲಸವು ಕೆಲವು ದಶಕಗಳಿಂದ ನಡೆಯುತ್ತಿದೆ. ಹೊರಗಿನಿಂದ ನೋಡುವವರಿಗೆ ಇದು ಬಹು ಸಣ್ಣ ಕೆಲಸವಾಗಿ ಕಾಣಬಹುದು. ಅದರಲ್ಲಿರುವ ಕಷ್ಟವೂ ಅದರ ಹಿಂದಿರುವ ಆತಂಕವೂ ಸಣ್ಣವಲ್ಲ.

ಜಾಲಂದ್ರದಿಂದ ಒಳಬೀಳುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವನ್ನು ಹಿಂದಿನವರು ತ್ರಸರೇಣುವೆಂದು ಕರೆದರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬೆಳ್ಳಿ ಬಂಗಾರಗಳ ತೂಕವನ್ನು ಹೇಳುವಾಗ ಅಳತೆಗಳಲ್ಲೆಲ್ಲ ಮೊದಲನೆಯದು ಅದೇ. ಎಂಟು ತ್ರಸರೇಣುಗಳಿಗೆ ಒಂದು ಲಿಕ್ಷೆ, ಮೂರು ಲಿಕ್ಷೆಗಳಿಗೆ ಒಂದು ಕರಿಯ ಸಾಸಿವೆ ಎಂದು ಲೆಕ್ಕವು ಮೇಲೇರುತ್ತದೆ. ಕಣ್ಣಿಗೆ ಕಾಣುವುದರಲ್ಲಿ ಅದಕ್ಕಿಂತ ಸಣ್ಣದಿಲ್ಲವಾದುದರಿಂದ ಎಣಿಕೆಯು ಅಲ್ಲಿಂದ ಮೊದಲಾಗುವುದು ನ್ಯಾಯವೇ ಆಗಿತ್ತು. ಹಡಗಿನ ಹೊಗೆಯಲ್ಲಿರುವ ಕಣಗಳು ಇದಕ್ಕಿಂತ ಬಹಳ ಕಿರಿದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ೬೦ ನ್ಯಾನೊಮೀಟರ್ ಅಡ್ಡಳತೆಯ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರು ತುಂಬಲು ಹದಿನಾರು ಸಾವಿರಕ್ಕೂ ಹೆಚ್ಚು ಬೇಕಾಗುವುವು. ಯಾವ ಬಿಸಿಲುಕೋಲೂ ಅವುಗಳನ್ನು ಬರಿಗಣ್ಣಿಗೆ ತೋರಿಸಲಾರದು.

ಅವನ್ನು ಕಾಣಿಸುವ ಉಪಾಯವನ್ನು ಕಂಡುಹಿಡಿದವನು ಸ್ಕಾಟ್ಲೆಂಡಿನ ಫಾಲ್ಕರ್ಕ್ ಊರಿನ ಜಾನ್ ಏಟ್ಕನ್ (೧೮೩೯–೧೯೧೯). ೧೮೮೦ರಲ್ಲಿ ಅವನು ಎರಡು ಗಾಜಿನ ಪಾತ್ರೆಗಳನ್ನು ತೆಗೆದುಕೊಂಡು ಒಂದರಲ್ಲಿ ಕೋಣೆಯ ಸಾಧಾರಣ ಗಾಳಿಯನ್ನೂ ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿಯನ್ನೂ ತುಂಬಿ, ಎರಡಕ್ಕೂ ನೀರಿನ ಆವಿಯನ್ನು ಬಿಟ್ಟನು. ಮೊದಲನೆಯದರಲ್ಲಿ ದಟ್ಟವಾದ ಮಂಜು ಕವಿಯಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ಆವಿಯು ನೀರಹನಿಯಾಗಬೇಕಾದರೆ ಕುಳಿತುಕೊಳ್ಳಲು ಒಂದು ಕಣ ಬೇಕು. ಧೂಳಿಲ್ಲದಿದ್ದರೆ ಮಂಜಿಲ್ಲ, ಮೋಡವಿಲ್ಲ. ಚಳಿಗಾಲದ ಬೆಳಗ್ಗೆ ಕೆರೆಯ ಮೇಲೇಳುವ ಮಂಜನ್ನು ಹೊಗೆಯೆಂದು ಭ್ರಮಿಸಬಾರದೆಂದು ತಾರ್ಕಿಕರು ಎಚ್ಚರಿಸುತ್ತಾರೆ, ಅದು ಸರಿ. ಆದರೆ ಆ ಮಂಜಿನ ಒಂದೊಂದು ಹನಿಯ ಒಡಲಿನಲ್ಲಿಯೂ ಧೂಳಿನದೋ ಉಪ್ಪಿನದೋ ಹೊಗೆಯದೋ ಒಂದು ಬೀಜವಿರುವುದೆಂದು ಏಟ್ಕನ್ನನ ಪರೀಕ್ಷೆಯಿಂದ ತಿಳಿದುಬಂದಿತು. ಬಳಿಕ ಅವನು ಕಣಗಳನ್ನು ಎಣಿಸುವ ಒಂದು ಯಂತ್ರವನ್ನೇ ಮಾಡಿದನು. ಕಣಗಳ ಮೇಲೆ ಆವಿಯನ್ನು ಕೂರಿಸಿ ಹನಿಗಳನ್ನಾಗಿ ಬೆಳಸಿ, ಆ ಹನಿಗಳನ್ನು ಗಾಜಿನ ತಟ್ಟೆಯ ಮೇಲೆ ಬೀಳಿಸಿ ಎಣಿಸುವುದು ಅದರ ಕ್ರಮ. ಈಗಿನ ಯಂತ್ರಗಳಲ್ಲಿ ನೀರಿಗೆ ಬದಲಾಗಿ ಬ್ಯುಟನಾಲ್ ಎಂಬ ಮದ್ಯಸಾರದ ಆವಿಯನ್ನು ಬಳಸುವುದುಂಟು; ಎಣಿಸುವ ಕೆಲಸವು ಕಣ್ಣಿಗೆ ಬದಲಾಗಿ ಬೆಳಕಿನ ಕಿರಣದ್ದಾಗಿದೆ. ಮೂಲದ ಉಪಾಯವು ಮಾತ್ರ ಅದೇ. ಸುಮಾರು ೧೦ರಿಂದ ೧೦೦ ನ್ಯಾನೊಮೀಟರುಗಳವರೆಗಿನ ಕಣಗಳಿಗೆ ಇಂದಿಗೂ ಏಟ್ಕನ್ ಕಣಗಳೆಂದೇ ಹೆಸರು.

ಧ್ರುವಸಮುದ್ರದ ಗಾಳಿಯಲ್ಲಿ ಕಣಗಳೇ ಇಲ್ಲವೆಂದು ತಿಳಿಯಬಾರದು. ಅಲೆಗಳು ಒಡೆದು ಚಿಮ್ಮುವ ತುಂತುರು ಆರಿದಾಗ ಉಪ್ಪಿನ ಕಣಗಳು ಉಳಿಯುವುವು. ನೀರಿನಲ್ಲಿ ತೇಲುವ ಅತಿ ಸೂಕ್ಷ್ಮವಾದ ಸಸ್ಯಗಳಿಂದ ಗಂಧಕವುಳ್ಳ ಒಂದು ಅನಿಲವು ಹುಟ್ಟಿ, ಗಾಳಿಯಲ್ಲಿ ಮಾರ್ಪಟ್ಟು ಕಣವಾಗುವುದು. ಕಡಲ ಸಸ್ಯಗಳು ಹೀಗೆ ಮೋಡಗಳಿಗೆ ಬೀಜವೊದಗಿಸಿ ಭೂಮಿಯ ಶಾಖವನ್ನೇ ಹದದಲ್ಲಿಡುತ್ತಿರಬಹುದೆಂದು ಚಾರ್ಲ್‌ಸನ್, ಲವ್‌ಲಾಕ್, ಆಂಡ್ರಿಯೆ, ವಾರನ್ ಎಂಬ ನಾಲ್ವರು ೧೯೮೭ರಲ್ಲಿ ಸೂಚಿಸಿದರು. ಆ ಸೂಚನೆಯ ಮೇಲಿನ ಚರ್ಚೆಯು ಇನ್ನೂ ಮುಗಿದಿಲ್ಲ. ಅಂತೂ ಸಮುದ್ರಕ್ಕೆ ತನ್ನದೇ ಆದ ಕಣಸಂಪತ್ತು ಉಂಟು. ಆದರೆ ಅದು ಬಡವನ ಕಣಜ. ಪಟ್ಟಣದ ಬೀದಿಯಲ್ಲಿ ಒಂದು ಘನ ಸೆಂಟಿಮೀಟರಿನಷ್ಟು, ಎಂದರೆ ಒಂದು ಕವಡೆ ಹಿಡಿಯುವಷ್ಟು, ಗಾಳಿಯಲ್ಲಿ ಹತ್ತಾರು ಸಾವಿರ ಕಣಗಳಿರುವುದು ಸಾಮಾನ್ಯ. ದಕ್ಷಿಣ ಮಹಾಸಾಗರದ ಶುದ್ಧವಾದ ಗಾಳಿಯಲ್ಲಿ ಅವು ಕೆಲವು ನೂರು. ಬೇಸಗೆಯ ಕೊನೆಯಲ್ಲಿ ಉತ್ತರ ಧ್ರುವದ ಸಮೀಪದ ಹಿಮದ ಮೇಲೆ ಮೋಡದ ಹನಿಗೆ ಬೀಜವಾಗತಕ್ಕ ಕಣಗಳು ಕೆಲವು ವೇಳೆ ಹತ್ತಕ್ಕಿಂತಲೂ ಕಡಮೆ. ಅಲ್ಲಿ ಮೋಡ ಕಟ್ಟುವುದಕ್ಕೆ ಆವಿಯಿದ್ದರೂ ಬೀಜ ಸಾಲದು. ಇದ್ದ ಕೆಲವೇ ಕಣಗಳ ಮೇಲೆ ನೀರೆಲ್ಲ ಕೂತು ಹನಿಗಳು ದೊಡ್ಡವಾಗಿ ಉದುರಿ, ಮೋಡವು ತೆಳುವಾಗಿ ಹೋಗುವುದು.

ಇಂಥ ಗಾಳಿಗೆ ಒಂದು ಹಡಗು ಬರುವುದೆಂದರೆ ಕತ್ತಲೆಯ ಕೋಣೆಗೆ ದೀಪ ತಂದಂತೆ. ಪಟ್ಟಣದಲ್ಲಿ ಇನ್ನೊಂದು ಹೊಗೆಗೊಳವೆಯನ್ನು ಯಾರೂ ಲೆಕ್ಕಿಸರು. ಇಲ್ಲಿ ಅದನ್ನು ಮೋಡವೇ ಲೆಕ್ಕಿಸುತ್ತದೆ. ಇದಕ್ಕೆ ಬೇರೆ ಸಮುದ್ರಗಳಿಂದ ಸಾಕ್ಷಿಯುಂಟು. ಆಕಾಶದಲ್ಲಿ ಸುತ್ತುವ ಟೈರೋಸ್ ಉಪಗ್ರಹಗಳು ತೆಗೆದ ಚಿತ್ರಗಳಲ್ಲಿ, ತೆಳುಮೋಡದ ಹಾಸಿನ ಮೇಲೆ ಉಗುರಿನಿಂದ ಗೀಚಿದಂಥ ಬಿಳಿಯ ಗೆರೆಗಳು ಕಾಣಿಸಿದುವು. ೧೯೬೬ರಲ್ಲಿ ಕಾನೋವರ್ ಎಂಬ ಅಮೆರಿಕದ ವಿದ್ವಾಂಸನು ಆ ಗೆರೆಗಳು ಹಡಗುಗಳ ಹೊಗೆಯಿಂದ ಆದವೆಂದು ವಿವರಿಸಿದನು. ಮೋಡದಲ್ಲಿರುವ ನೀರು ಅಷ್ಟೇ ಇದ್ದು ಬೀಜಗಳು ಹೆಚ್ಚಾದರೆ ಹನಿಗಳು ಸಣ್ಣವಾಗಿ ಸಂಖ್ಯೆಯಲ್ಲಿ ಬೆಳೆಯುವುವು. ಅಂಥ ಮೋಡವು ಬಿಸಿಲನ್ನು ಹೆಚ್ಚಾಗಿ ಹಿಂದಕ್ಕೆ ಎಸೆಯುವುದು. ಈ ನಿಯಮವನ್ನು ೧೯೭೪ರಲ್ಲಿ ಟೂಮಿ ಎಂಬವನು ಸ್ಪಷ್ಟಪಡಿಸಿದನು.

ಇನ್ನು ಹಡಗು ಉರಿಸುವುದೇನು ಎಂಬುದನ್ನು ನೋಡಬೇಕು. ಕಲ್ಲೆಣ್ಣೆಯನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲು ಮೊದಲಾದವನ್ನು ತೆಗೆದಮೇಲೆ ತಳದಲ್ಲಿ ಉಳಿಯುವ ಕರಿಯ ಗಷ್ಟೇ ಬಹುಕಾಲದಿಂದ ದೊಡ್ಡ ಹಡಗುಗಳ ಆಹಾರ. ಕಾಯಿಸಿದ ಹೊರತು ಅದು ಕೊಳವೆಯಲ್ಲಿ ಹರಿಯದಷ್ಟು ಮಂದ. ಅದರಲ್ಲಿ ಗಂಧಕವು ಹೇರಳ. ೨೦೧೯ರ ಕೊನೆಯವರೆಗೂ ನೂರಕ್ಕೆ ೩.೫ ಭಾಗದಷ್ಟು ಗಂಧಕವಿರಲು ಅಂತರರಾಷ್ಟ್ರೀಯ ನಿಯಮವು ಅನುಮತಿಸುತ್ತಿತ್ತು. ಗಂಧಕವು ಉರಿದು ಗಾಳಿಯಲ್ಲಿ ಆಮ್ಲವಾಗಿ, ಮೋಡಕ್ಕೆ ಒಗ್ಗುವ ಬಿಳಿಯ ಕಣವಾಗುತ್ತದೆ. ಸರಿಯಾಗಿ ಉರಿಯದ ಇಂಗಾಲವು ಮಸಿಯಾಗುತ್ತದೆ. ಈ ಮಸಿಯು ಯಾವ ಮನೆಗೂ ಅಪರಿಚಿತವಲ್ಲ. ಪಾತ್ರೆಯ ತಳಕ್ಕೆ ಹತ್ತುವುದೂ ಅದೇ. ದೀಪದ ಕುಡಿಯ ಮೇಲೆ ತಟ್ಟೆ ಹಿಡಿದು ಮಗುವಿನ ಕಣ್ಣಿಗೆಂದು ತೆಗೆಯುವ ಕಾಡಿಗೆಯೂ ಅದೇ.

ಈ ಎರಡು ಬಗೆಯ ಕಣಗಳು ಮಾಡುವ ಕೆಲಸಗಳು ಒಂದಕ್ಕೊಂದು ವಿರುದ್ಧ. ಬಿಳಿಯ ಕಣವು ಮೋಡವನ್ನು ಬೆಳ್ಳಗೆ ಮಾಡಿ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಮಸಿಯು ತಾನೇ ಬಿಸಿಲನ್ನು ಹೀರುತ್ತದೆ. ಹಿಮದ ಮೇಲೆ ಬಿದ್ದರೆ ಅದರ ಬಿಳುಪನ್ನು ಕೆಡಿಸಿ ಕರಗುವಿಕೆಯನ್ನು ತ್ವರೆಗೊಳಿಸುತ್ತದೆ. ೧೮೭೦ರಲ್ಲಿ ಗ್ರೀನ್‌ಲೆಂಡಿನ ಹಿಮದ ಮೇಲೆ ನಡೆದ ನಾರ್ಡನ್‌ಶೋಲ್ಡ್ ಎಂಬ ಅನ್ವೇಷಕನು ಅಲ್ಲಲ್ಲಿ ಸಣ್ಣ ಕುಳಿಗಳನ್ನೂ ಅವುಗಳ ತಳದಲ್ಲಿ ಕರಿಯ ಧೂಳನ್ನೂ ಕಂಡಿದ್ದನು. ಕಪ್ಪು ವಸ್ತುವು ಬಿಸಿಲನ್ನು ಹಿಡಿದು ಹಿಮದೊಳಕ್ಕೆ ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ. ಮೋಡದ ವಿಷಯದಲ್ಲಿಯೂ ತೊಡಕಿಲ್ಲದೆ ಇಲ್ಲ: ಹಿಮದ ಮೇಲಿನ ಮೋಡವು ಬಿಸಿಲಿಗೆ ಕೊಡೆಯಾಗುವಂತೆಯೇ ಕೆಳಗಿನ ಶಾಖಕ್ಕೆ ಕಂಬಳಿಯೂ ಆಗುವುದು. ಕೊಡೆ ಹೆಚ್ಚೋ ಕಂಬಳಿ ಹೆಚ್ಚೋ ಎಂಬುದು ಋತುವಿನ ಮೇಲೂ ಕೆಳಗಿರುವುದು ನೀರೋ ಹಿಮವೋ ಎಂಬುದರ ಮೇಲೂ ನಿಂತಿದೆ. ಆದಕಾರಣ ಹಡಗಿನ ಹೊಗೆಯ ಒಟ್ಟು ಫಲವೇನೆಂಬುದನ್ನು ಕುಳಿತಲ್ಲೇ ತರ್ಕಿಸಿ ಹೇಳಲಾಗುವುದಿಲ್ಲ. ಹೋಗಿ ಅಳೆಯಬೇಕು.

ಹೋಗುವುದು ಹೇಗೆ? ಹಡಗಿನಲ್ಲಿ. ಕಷ್ಟವೆಲ್ಲ ಇಲ್ಲಿಂದ ಮೊದಲಾಗುತ್ತದೆ. ಶುದ್ಧವಾದ ಗಾಳಿಯನ್ನು ಹುಡುಕಿಕೊಂಡು ಹೋಗುವವನು ಆ ಗಾಳಿಯನ್ನು ಕೆಡಿಸುವ ವಸ್ತುವಿನ ಮೇಲೆಯೇ ಕುಳಿತು ಹೋಗಬೇಕಾಗಿದೆ. ಹಿಂದಿನ ಮನೆಗಳಲ್ಲಿ ಮಡಿಬಟ್ಟೆಯನ್ನು ಒಣಹಾಕುತ್ತಿದ್ದ ಅಜ್ಜಿಯರಿಗೆ ಈ ಕಷ್ಟವು ಗೊತ್ತಿತ್ತು. ಮಡಿಗೆ ಮೊದಲನೆಯ ಅಪಾಯವು ಬೀದಿಯಿಂದ ಬರುವುದಲ್ಲ, ತನ್ನ ಕೈಯಿಂದಲೇ. ಅದಕ್ಕಾಗಿ ಅವರು ಎತ್ತರದ ಗಳುವಿನ ಮೇಲೆ ಬಟ್ಟೆಯನ್ನು ಉದ್ದನೆಯ ಕೋಲಿನಿಂದ ಹರವುತ್ತಿದ್ದರು. ಧ್ರುವಸಮುದ್ರಕ್ಕೆ ಹೋಗುವ ವಿಜ್ಞಾನಿಗಳೂ ಹಾಗೆಯೇ ಮಾಡುತ್ತಾರೆ. ಗಾಳಿಯನ್ನು ಒಳಗೆಳೆಯುವ ಕೊಳವೆಯನ್ನು ಹೊಗೆಗೊಳವೆಯಿಂದ ಆದಷ್ಟು ದೂರದಲ್ಲಿ, ಹಡಗಿನ ಮುಂಭಾಗದಲ್ಲಿ, ಎತ್ತರಕ್ಕೆ ನಿಲ್ಲಿಸುತ್ತಾರೆ. ಸ್ವೀಡನ್ನಿನ ಓಡನ್ ಎಂಬ ಹಿಮಭಂಜಕ ಹಡಗು ೧೯೯೧, ೧೯೯೬, ೨೦೦೧, ೨೦೦೮, ೨೦೧೮ನೆಯ ಇಸವಿಗಳಲ್ಲಿ ಧ್ರುವದ ಕಡೆಗೆ ಹೋದಾಗ, ಅಳೆಯುವ ಕಾಲದಲ್ಲಿ ಹಡಗಿನ ಮೂತಿಯನ್ನೇ ಗಾಳಿ ಬರುವ ದಿಕ್ಕಿಗೆ ತಿರುಗಿಸಿ ನಿಲ್ಲಿಸುವ ಕ್ರಮವಿತ್ತು. ಗಾಳಿಯು ಮೂತಿಯಿಂದ ಎರಡು ಪಕ್ಕಕ್ಕೂ ೭೦ ಡಿಗ್ರಿಗಳೊಳಗಿನಿಂದ ಬೀಸುತ್ತಿರಬೇಕು, ಸೆಕೆಂಡಿಗೆ ಎರಡು ಮೀಟರಿಗಿಂತ ವೇಗವಾಗಿರಬೇಕು. ಹಾಗಿಲ್ಲದಿದ್ದರೆ ಗಾಳಿಯನ್ನು ಸಂಗ್ರಹಿಸುವ ಪಂಪು ನಿಲ್ಲುತ್ತಿತ್ತು.

ಎಲ್ಲ ಹಡಗುಗಳಿಗೂ ಹೀಗೆ ತಿರುಗುವ ಸ್ವಾತಂತ್ರ್ಯವಿರುವುದಿಲ್ಲ. ಜರ್ಮನಿಯ ಪೋಲಾರ್‌ಸ್ಟರ್ನ್ ಎಂಬ ಹಡಗು ೨೦೧೯ರ ಸೆಪ್ಟೆಂಬರಿನಲ್ಲಿ ಹೊರಟು, ಹಿಮದ ಹಾಸಿನಲ್ಲಿ ಬೇಕೆಂದೇ ಸಿಕ್ಕಿಕೊಂಡು, ಹಿಮವು ಹರಿದ ಕಡೆಗೆ ತಾನೂ ತೇಲುತ್ತ, ೨೦೨೦ರ ಅಕ್ಟೋಬರಿನಲ್ಲಿ ಊರಿಗೆ ಮರಳಿತು. ಮೊಸೇಕ್ ಎಂದು ಹೆಸರಾದ ಆ ಯಾತ್ರೆಯಲ್ಲಿ ಹಡಗು ನಿಂತಿದ್ದರೂ ಅದರ ಯಂತ್ರವು ನಿಲ್ಲುವಂತಿರಲಿಲ್ಲ. ಒಳಗಿದ್ದವರಿಗೆ ಬೆಳಕೂ ಬೆಚ್ಚನೆಯೂ ಬೇಕಷ್ಟೆ. ಗಾಳಿ ತಿರುಗಿದಾಗ ಹೊಗೆಯೂ ತಿರುಗಿ ಮುಂಭಾಗದಲ್ಲಿದ್ದ ಅಳತೆಯ ಕೊಠಡಿಗೆ ಬರುವುದು. ೨೦೧೬ರ ಡಿಸೆಂಬರಿನಿಂದ ೨೦೧೭ರ ಮಾರ್ಚಿಯವರೆಗೆ ಅಂಟಾರ್ಕ್ಟಿಕವನ್ನು ಪ್ರದಕ್ಷಿಣೆ ಮಾಡಿದ ರಷ್ಯದ ಅಕಾಡೆಮಿಕ್ ಟ್ರಿಯೋಷ್ನಿಕೋವ್ ಹಡಗಿನಲ್ಲಿಯೂ ಇದೇ ಪಾಡು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಳೆಯಲು ಬಂದ ಹಡಗೇ ಅಳತೆಯನ್ನು ತಿಂದುಹಾಕುವುದು.

ತನ್ನ ಹೊಗೆಯನ್ನು ತಾನೇ ಗುರುತಿಸುವ ವಿದ್ಯೆಯು ಹೀಗೆ ಹುಟ್ಟಿತು. ಕಣಗಳ ಸಂಖ್ಯೆಯು ನೂರರಲ್ಲಿದ್ದದ್ದು ಕ್ಷಣದಲ್ಲಿ ಹತ್ತಾರು ಸಾವಿರಕ್ಕೆ ನೆಗೆದು ಮರುಕ್ಷಣ ಇಳಿಯುವುದೇ? ಅದರೊಡನೆ ಮಸಿಯೂ ಏರಿತೇ? ಇಂಗಾಲದ ಅನಿಲಗಳೂ ಏರಿದುವೇ? ಗಾಳಿ ಆಗ ಹೊಗೆಗೊಳವೆಯ ಕಡೆಯಿಂದ ಬೀಸುತ್ತಿತ್ತೇ? ಈ ಪ್ರಶ್ನೆಗಳಿಗೆ ಬರುವ ಉತ್ತರವನ್ನು ನೋಡಿ ಆ ಗಳಿಗೆಯ ಲೆಕ್ಕವನ್ನು ಹೊಡೆದುಹಾಕುವರು. ಮೊಸೇಕ್ ಯಾತ್ರೆಯ ಅನುಭವದಿಂದ, ಎಣಿಕೆಯು ಏರಿಳಿಯುವ ವೇಗವನ್ನೇ ಗುರುತಾಗಿ ಹಿಡಿದು ಕೆಟ್ಟ ಗಳಿಗೆಗಳನ್ನು ತಾನಾಗಿ ಆರಿಸುವ ಗಣಿತಕ್ರಮವೊಂದು ೨೦೨೨ರಲ್ಲಿ ಪ್ರಕಟವಾಯಿತು.

ಆದರೆ ಹೊಡೆದುಹಾಕುವ ಕೈಗೂ ಅಂಕೆ ಬೇಕು. ಸಮುದ್ರವೂ ಹಿಮವೂ ಕೆಲವು ವೇಳೆ ತಮ್ಮಷ್ಟಕ್ಕೆ ತಾವೇ ಅಸಂಖ್ಯ ಹೊಸ ಕಣಗಳನ್ನು ಹುಟ್ಟಿಸುವುದುಂಟು. ೨೦೧೨ರಲ್ಲಿ ಪೂರ್ವ ಅಂಟಾರ್ಕ್ಟಿಕದ ಹಿಮಸಮುದ್ರಕ್ಕೆ ಹೋದ ಆಸ್ಟ್ರೇಲಿಯದ ಹಡಗೊಂದರಲ್ಲಿ ಯಾರೂ ನಿರೀಕ್ಷಿಸದಷ್ಟು ಸಣ್ಣ ಕಣಗಳು ಕಂಡುಬಂದುವು. ಎಣಿಕೆ ಏರಿದುದೆಲ್ಲ ತನ್ನ ಹೊಗೆಯೇ ಎಂದು ತಳ್ಳಿಬಿಟ್ಟಿದ್ದರೆ ಪ್ರಕೃತಿಯ ಒಂದು ನಿಜವನ್ನು ಕಸದೊಡನೆ ಗುಡಿಸಿಹಾಕಿದಂತಾಗುತ್ತಿತ್ತು. ಎಲ್ಲವೂ ಪ್ರಕೃತಿಯದೇ ಎಂದು ಇಟ್ಟುಕೊಂಡಿದ್ದರೆ ತನ್ನ ಒಲೆಯ ಹೊಗೆಯನ್ನು ಲೋಕದ ನಿಯಮವೆಂದು ಸಾರಿದಂತಾಗುತ್ತಿತ್ತು. ರಾತ್ರಿಯೇ ಆಗದ ಧ್ರುವದ ಬೇಸಗೆಯಲ್ಲಿ, ಯಂತ್ರದ ಮುಂದೆ ಸರದಿಯ ಕಾವಲು ಕೂರುವವನ ಕೆಲಸವು ಈ ಎರಡು ತಪ್ಪುಗಳ ನಡುವೆ ಕಾಲೂರಿ ನಿಲ್ಲುವುದು. ತಿಂಗಳುಗಟ್ಟಲೆ ಮನೆಮಕ್ಕಳನ್ನು ಬಿಟ್ಟು, ಚಳಿಯನ್ನೂ ಅಲೆಯ ಹೊಯ್ದಾಟವನ್ನೂ ಸೈರಿಸಿ ಕೂಡಿಸಿದ ಲೆಕ್ಕದಲ್ಲಿ ಎಷ್ಟೋ ಪಾಲನ್ನು ಅವನು ತನ್ನ ಕೈಯಿಂದಲೇ ಅಳಿಸಬೇಕು. ಅಳಿಸದಿದ್ದರೆ ಕೇಳುವವರು ಯಾರೂ ಅಲ್ಲಿಲ್ಲ. ಆದರೂ ಅಳಿಸುತ್ತಾನೆ. ಉಳಿದ ಸ್ವಲ್ಪವು ನಂಬಿಕೆಗೆ ಯೋಗ್ಯವಾಗುವುದು ಈ ಅಳಿಸುವಿಕೆಯಿಂದ.

ಹಡಗನ್ನು ಬಿಟ್ಟು ನೆಲದ ಮೇಲೆ ನಿಂತರೆ ಈ ಕಾಟ ತಪ್ಪುವುದೆಂದು ಒಬ್ಬರು ಹೇಳಬಹುದು. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, ಸುಮಾರು ೭೯ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನ್ಯೂ ಓಲೆಸುಂಡ್ ಎಂಬ ಪುಟ್ಟ ಊರಿದೆ. ೧೯೨೬ರಲ್ಲಿ ಅಮುಂಡ್‌ಸೆನ್ ಮೊದಲಾದವರು ನೋರ್ಗೆ ಎಂಬ ವಾಯುನೌಕೆಯನ್ನೇರಿ ಧ್ರುವದ ಮೇಲೆ ಹಾರಿಹೋದದ್ದು ಇಲ್ಲಿಂದಲೇ. ಮೊದಲು ಅದು ಕಲ್ಲಿದ್ದಲಿನ ಗಣಿಯ ಊರು. ೧೯೬೨ರಲ್ಲಿ ಗಣಿಯೊಳಗೆ ಸ್ಫೋಟವಾಗಿ ೨೧ ಜನ ಸತ್ತರು. ಮರುವರ್ಷ ಗಣಿಯು ಮುಚ್ಚಿತು. ಇದ್ದಲು ತೆಗೆಯುತ್ತಿದ್ದ ಊರು ಆಮೇಲೆ ಶುದ್ಧವಾದ ಗಾಳಿಯನ್ನು ಪರೀಕ್ಷಿಸುವ ಊರಾಯಿತು. ಅನೇಕ ದೇಶಗಳ ಸಂಶೋಧನಾಲಯಗಳು ಅಲ್ಲಿವೆ. ಭಾರತದ ಹಿಮಾದ್ರಿ ನಿಲಯವು ೨೦೦೮ರಲ್ಲಿ ಅಲ್ಲಿಯೇ ತೆರೆಯಿತು. ಊರಿನ ಮೇಲಿರುವ ಜೆಪ್ಪೆಲಿನ್ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೭೫ ಮೀಟರ್ ಎತ್ತರದಲ್ಲಿ, ನಾರ್ವೆಯವರ ವೀಕ್ಷಣಾಲಯವು ಹಗಲಿರುಳು ಗಾಳಿಯನ್ನು ಅಳೆಯುತ್ತಿದೆ.

ಆ ಬೆಟ್ಟದ ಕೆಳಗಿನ ಕೊಲ್ಲಿಗೆ ಬೇಸಗೆಯಲ್ಲಿ ಪ್ರವಾಸಿಗಳ ಹಡಗುಗಳು ಬರುವುವು. ಮಂಜುಗಡ್ಡೆಯ ನದಿಗಳನ್ನು ನೋಡಿ, ಶುಭ್ರವಾದ ಗಾಳಿಯನ್ನು ಉಸಿರಾಡಿ ಸಂತೋಷಪಡಲು ಬರುವವರು ಅವರು. ಊರಿನಲ್ಲಿ ಯಾವ ದಿನ ಎಷ್ಟು ಜನ ಪ್ರವಾಸಿಗಳು ಬಂದರೆಂಬ ಲೆಕ್ಕವನ್ನು ಬಹಳ ವರ್ಷಗಳಿಂದ ಬರೆದಿಟ್ಟಿದ್ದರು. ಸಂಶೋಧಕರು ಆ ಲೆಕ್ಕದ ಪುಸ್ತಕವನ್ನು ಒಂದು ಕಡೆ, ಬೆಟ್ಟದ ಮೇಲಿನ ಅಳತೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು, ಹಡಗು ಇದ್ದ ದಿನಗಳನ್ನೂ ಇಲ್ಲದ ದಿನಗಳನ್ನೂ ಬೇರ್ಪಡಿಸಿ ನೋಡಿದರು. ಫಲವು ೨೦೧೩ರಲ್ಲಿ ಪ್ರಕಟವಾಯಿತು. ಐವತ್ತಕ್ಕಿಂತ ಹೆಚ್ಚು ಪ್ರಯಾಣಿಕರಿದ್ದ ಹಡಗು ಕೊಲ್ಲಿಯಲ್ಲಿದ್ದಾಗ, ಬೇಸಗೆಯ ಹಗಲಿನಲ್ಲಿ ೬೦ ನ್ಯಾನೊಮೀಟರಿನ ಕಣಗಳು ಸರಾಸರಿಯಲ್ಲಿ ನೂರಕ್ಕೆ ೭೨ರಷ್ಟೂ ಮಸಿಯು ನೂರಕ್ಕೆ ೪೫ರಷ್ಟೂ ಹೆಚ್ಚಾಗಿದ್ದುವು. ಗಾಳಿಯು ಅಲುಗದೆ ನಿಂತ ದಿನಗಳಲ್ಲಿ ಈ ಹೆಚ್ಚಳವು ೮೧ಕ್ಕೂ ೭೨ಕ್ಕೂ ಏರುತ್ತಿತ್ತು. ಇಡೀ ಬೇಸಗೆಯನ್ನು ಒಟ್ಟಾಗಿ ತೆಗೆದುಕೊಂಡರೆ ಹಡಗುಗಳಿಂದ ಗಂಧಕದ ಡೈಆಕ್ಸೈಡು ನೂರಕ್ಕೆ ೧೫ರಷ್ಟು, ಕಣಗಳು ೧೮ರಷ್ಟು, ಮಸಿಯು ೧೧ರಷ್ಟು ಹೆಚ್ಚಿದ್ದುವೆಂದು ಅವರು ಲೆಕ್ಕಹಾಕಿದರು.

ಈ ಅಂಕೆಗಳೊಳಗೆ ಇನ್ನೊಂದು ಸೂಕ್ಷ್ಮವಿದೆ. ಅಳತೆಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ನೋಡಿದರೆ ಎರಡು ಬಗೆಯ ದಿನಗಳಿಗೂ ಹೆಚ್ಚು ಅಂತರವಿರಲಿಲ್ಲ; ಅಂತರವೆಲ್ಲ ಅತಿ ಹೆಚ್ಚಿನ ಅಳತೆಗಳಲ್ಲಿತ್ತು. ಎಂದರೆ ಹೊಗೆಯು ಬೆಟ್ಟದ ತುದಿಗೆ ಅಪರೂಪವಾಗಿ ಬರುವುದು. ಬಂದಾಗ ಮಾತ್ರ ಬಲವಾಗಿ ಬರುವುದು. ಸಾಧಾರಣವಾದ ದಿನವನ್ನು ಕಂಡು ಎಲ್ಲವೂ ಚೆನ್ನಾಗಿದೆಯೆನ್ನುವವನೂ, ಕೆಟ್ಟ ದಿನವನ್ನು ಕಂಡು ಎಲ್ಲವೂ ಹಾಳಾಯಿತೆನ್ನುವವನೂ ಇಲ್ಲಿ ಸಮನಾಗಿ ತಪ್ಪುತ್ತಾರೆ. ಕಾಲವೂ ಗಮನಿಸತಕ್ಕದ್ದು. ಚಳಿಗಾಲದಿಂದ ವಸಂತದವರೆಗೆ ಯೂರೋಪು ಏಷ್ಯಗಳ ಕಾರ್ಖಾನೆಗಳ ಹೊಗೆಯು ಆರ್ಕ್ಟಿಕ್ಕಿಗೆ ಹರಿದುಬಂದು ಮಬ್ಬಾಗಿ ನಿಲ್ಲುತ್ತದೆ; ಬೇಸಗೆಯಲ್ಲಿ ತುಂತುರುಮಳೆಯು ಅದನ್ನು ತೊಳೆದು, ಗಾಳಿಯು ವರ್ಷದಲ್ಲೇ ಅತಿ ಶುದ್ಧವಾಗುವುದು. ಹಿಮವು ಕರಗಿ ಹಡಗಿಗೆ ದಾರಿ ತೆರೆಯುವುದೂ ಸರಿಯಾಗಿ ಆಗಲೇ. ಅಂಗಳವನ್ನು ಸಾರಿಸಿ ರಂಗೋಲಿಯಿಟ್ಟ ಹೊತ್ತಿಗೇ ಕೆಸರುಗಾಲಿನ ಅತಿಥಿ ಬರುವಂತೆ ಹಡಗು ಬರುತ್ತದೆ.

ಇದನ್ನು ಅರಿತು ರಾಷ್ಟ್ರಗಳು ಸುಮ್ಮನೆ ಕುಳಿತಿಲ್ಲ. ದಕ್ಷಿಣ ಅಕ್ಷಾಂಶ ೬೦ ಡಿಗ್ರಿಯಿಂದಾಚೆಗೆ ಗಷ್ಟೆಣ್ಣೆಯನ್ನು ಉರಿಸುವುದನ್ನೂ ಒಯ್ಯುವುದನ್ನೂ ೨೦೧೧ರ ಆಗಸ್ಟಿನಿಂದ ನಿಷೇಧಿಸಲಾಯಿತು. ೨೦೨೦ರ ಜನವರಿಯಿಂದ ಲೋಕದ ಎಲ್ಲ ಸಮುದ್ರಗಳಲ್ಲಿಯೂ ಇಂಧನದ ಗಂಧಕಕ್ಕೆ ನೂರಕ್ಕೆ ೦.೫ ಭಾಗದ ಮಿತಿ ಬಂದಿತು. ಚಿಮಣಿಯಲ್ಲಿ ಹೊಗೆಯನ್ನು ತೊಳೆಯುವ ಯಂತ್ರವುಳ್ಳ ಹಡಗುಗಳಿಗೆ ಮಾತ್ರ ಹಳೆಯ ಎಣ್ಣೆಯನ್ನೇ ಬಳಸಲು ಎಡೆಯುಂಟು. ಸ್ವಾಲ್‌ಬಾರ್ಡಿನ ನೀರಿನಲ್ಲಿ ಗಷ್ಟೆಣ್ಣೆಯನ್ನು ನಾರ್ವೆಯು ೨೦೨೨ರಿಂದ ತಡೆದಿದೆ. ಆರ್ಕ್ಟಿಕ್ಕಿಗೆಲ್ಲ ಅನ್ವಯಿಸುವ ನಿಷೇಧವು ೨೦೨೪ರ ಜುಲೈಯಲ್ಲಿ ಮೊದಲಾದರೂ ಕೆಲವು ಬಗೆಯ ಹಡಗುಗಳಿಗೆ ೨೦೨೯ರ ಜುಲೈವರೆಗೆ ವಿನಾಯಿತಿಯುಂಟು. ಇತ್ತ ಹಡಗುಗಳ ಸಂಖ್ಯೆಯೂ ಏರುತ್ತಿದೆ: ಆರ್ಕ್ಟಿಕ್ ಸೀಮೆಗೆ ೨೦೧೩ರಲ್ಲಿ ೧,೨೯೮ ಹಡಗುಗಳು ಬಂದಿದ್ದರೆ ೨೦೨೩ರಲ್ಲಿ ೧,೭೮೨ ಬಂದುವು. ಅಂಟಾರ್ಕ್ಟಿಕಕ್ಕೆ ಒಂದೇ ಬೇಸಗೆಯಲ್ಲಿ ಲಕ್ಷಕ್ಕಿಂತ ಹೆಚ್ಚು ಪ್ರವಾಸಿಗಳು ಹೋಗುವ ಕಾಲ ಬಂದಿದೆ. ಅಲ್ಲಿನ ಹಿಮದ ಮಸಿಯನ್ನು ಅಳೆದು ೨೦೨೨ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಅಂದಾಜಿನಂತೆ, ೨೦೧೬ರಿಂದ ೨೦೨೦ರವರೆಗಿನ ಅವಧಿಯಲ್ಲಿ ಒಬ್ಬೊಬ್ಬ ಪ್ರವಾಸಿಯ ಪಾಲಿನ ಮಸಿಯು ಸುಮಾರು ೮೩ ಟನ್ನು ಹಿಮವು ಬೇಗ ಕರಗುವುದಕ್ಕೆ ಕಾರಣವಾಯಿತು.

ನಿಯಮಗಳಿಂದಲೂ ಒಂದು ವಿಚಿತ್ರವು ಕಾಣಬಂದಿತು. ೨೦೨೦ರ ಮಿತಿಯ ಬಳಿಕ, ಮೋಡಗಳ ಮೇಲೆ ಹಡಗುಗಳು ಎಳೆಯುತ್ತಿದ್ದ ಬಿಳಿಯ ಗೆರೆಗಳು ಬಹಳ ಕಡಮೆಯಾದುವು. ಹೊಗೆಯು ಆರೋಗ್ಯಕ್ಕೆ ಒಳ್ಳೆಯದಾಯಿತು. ಆದರೆ ಬಿಳಿಯ ಮೋಡದ ಕೊಡೆಯೂ ಅಷ್ಟರಮಟ್ಟಿಗೆ ಮಡಿಚಿತು. ಇಷ್ಟು ವರ್ಷ ಆ ಕೊಡೆಯು ಎಷ್ಟು ಬಿಸಿಲನ್ನು ತಡೆದಿತ್ತು ಎಂದು ಈಗ ಲೆಕ್ಕ ಮಾಡಬೇಕಾಗಿದೆ. ಹೊಗೆಯಿಲ್ಲದ ಮೋಡವು ಹೇಗಿತ್ತೆಂದು ತಿಳಿಯದೆ ಆ ಲೆಕ್ಕವು ಕೂಡಿಬರುವುದಿಲ್ಲ. ಮಾತು ತಿರುಗಿ ಮಡುವಿಗೇ ಬಂದು ನಿಲ್ಲುತ್ತದೆ.

ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದ ಕೇಪ್ ಗ್ರಿಮ್ ಎಂಬಲ್ಲಿ ೧೯೭೮ರಿಂದ ಶುದ್ಧವಾದ ಗಾಳಿಯನ್ನು ಲೋಹದ ಪಾತ್ರೆಗಳಲ್ಲಿ ತುಂಬಿಟ್ಟು ಕಾಪಾಡುತ್ತಿದ್ದಾರೆ. ರೈತನು ಬೀಜದ ಭತ್ತವನ್ನು ಬೇರೆಯಾಗಿ ಎತ್ತಿಡುವಂತೆ ಅದು ಮುಂದಿನವರಿಗೆ ಎತ್ತಿಟ್ಟ ಗಾಳಿ. ಇಂದಿಗೆ ಹೊಳೆಯದ ಪ್ರಶ್ನೆಯನ್ನು ನಾಳೆ ಅದಕ್ಕೆ ಕೇಳಬಹುದು. ಆದರೆ ಹೀಗೆ ಎತ್ತಿಡಲಾಗುವುದು ಅನಿಲಗಳನ್ನು ಮಾತ್ರ, ಕಣಗಳನ್ನಲ್ಲ. ಪಾತ್ರೆಯಲ್ಲಿಟ್ಟ ಕಣಗಳು ಗೋಡೆಗೆ ಅಂಟುತ್ತವೆ, ಒಂದಕ್ಕೊಂದು ಕೂಡಿ ಬೇರೆಯಾಗುತ್ತವೆ. ಸ್ವಲ್ಪ ಕಾಲದಲ್ಲಿಯೇ ಮೊದಲಿನ ಎಣಿಕೆಯು ಉಳಿಯುವುದಿಲ್ಲ. ಶುದ್ಧವಾದ ಒಂದು ಗಳಿಗೆಯ ಕಣಗಳನ್ನು ಆ ಗಳಿಗೆಯಲ್ಲಿ, ಆ ಸ್ಥಳದಲ್ಲಿ ಎಣಿಸಿದರೆ ಎಣಿಸಿದಂತೆ. ಇಲ್ಲದಿದ್ದರೆ ಮುಂದೆ ಯಾವ ಯಂತ್ರವೂ ಅದನ್ನು ಮರಳಿ ತರಲಾರದು. ಹಡಗುಗಳು ಹೆಚ್ಚುವ ಮುನ್ನ ಅಳೆಯಬೇಕೆಂಬ ಅವಸರಕ್ಕೆ ಇದೇ ಕಾರಣ. ಹೋಗದಿದ್ದರೆ ತಿಳಿವಿಲ್ಲ; ಹೋದರೆ ಒಂದಿಷ್ಟು ಹೊಗೆಯಾಗದೆ ಇರುವುದಿಲ್ಲ. ಬಲ್ಲವರು ಹೋಗುವುದನ್ನು ಬಿಡದೆ, ತಮ್ಮ ಹೊಗೆಯನ್ನು ತಮ್ಮ ಲೆಕ್ಕದಲ್ಲಿ ಬರೆದುಕೊಳ್ಳುವ ದಾರಿಯನ್ನು ಹಿಡಿದಿದ್ದಾರೆ.

ತರ್ಕದ ವಿದ್ಯಾರ್ಥಿಯು ಇಲ್ಲೊಂದು ಸಂದೇಹವನ್ನು ಎತ್ತಬಹುದು. ಮಡುವಿನ ಮೇಲೆಯೂ ಹೊಗೆ ಕಂಡಿತೆಂದಮೇಲೆ ಹಿಂದಿನವರ ವ್ಯಾಪ್ತಿಯೇ ಕೆಟ್ಟಂತಲ್ಲವೆ? ಇಲ್ಲ. ಅಲ್ಲಿಯೂ ಹೊಗೆಯಿರುವುದು ಬೆಂಕಿಯ ಜೊತೆಯಲ್ಲಿಯೇ. ಹಡಗಿನೊಳಗೆ ಒಲೆಯು ಉರಿಯುತ್ತಿದೆ. ವ್ಯಾಪ್ತಿಗೆ ಭಂಗವಿಲ್ಲ, ಭಂಗ ಬಂದಿರುವುದು ಮಡುವಿಗೆ. ವಿಪಕ್ಷವಾಗಿ ನಿಂತು ಸಾಕ್ಷಿ ನುಡಿಯಬೇಕಾಗಿದ್ದ ನೀರು ಮೆಲ್ಲಮೆಲ್ಲನೆ ಅಡಿಗೆಮನೆಯಾಗುತ್ತಿದೆ. ಪೂರ್ತಿಯಾಗಿ ಆಗಿಲ್ಲ. ಓಡನ್ನಿನ ಮೂತಿಯನ್ನು ಗಾಳಿಗೆ ತಿರುಗಿಸಿ ಪಡೆದ ಗಳಿಗೆಗಳು, ಹಡಗು ಬಾರದ ದಿನ ಜೆಪ್ಪೆಲಿನ್ ಬೆಟ್ಟದಲ್ಲಿ ಎಣಿಸಿದ ಗಳಿಗೆಗಳು, ಕಾವಲಿನವನು ಅಳಿಸದೆ ಉಳಿಸಿದ ಗಳಿಗೆಗಳು: ಇವುಗಳಲ್ಲಿ ಮಹಾಹ್ರದವು ಇನ್ನೂ ತಿಳಿಯಾಗಿ ನಿಂತಿದೆ. ಒಂದು ಘನ ಸೆಂಟಿಮೀಟರಿನಲ್ಲಿ ಹತ್ತು ಕಣ, ಕೆಲವು ವೇಳೆ ಅದಕ್ಕಿಂತ ಕಡಮೆ ಎಂದು ಆ ಪುಸ್ತಕಗಳಲ್ಲಿ ಬರೆದಿದೆ. ಮುಂದಿನವರು ತಮ್ಮ ಕಾಲದ ಗಾಳಿಯನ್ನು ಅಳೆಯುವಾಗ ಎಣಿಕೆಯನ್ನು ಅಲ್ಲಿಂದ ಮೊದಲುಮಾಡುವರು.